ತಾನೇ ತುಂಬಿಕೊಳ್ಳುವ ಲೆಕ್ಕದ ಹಾಳೆ: ತಪ್ಪಾದರೆ ಉತ್ತರದಾಯಿ ಯಾರು?

ಬೆಂಗಳೂರು: ಪ್ರತಿ ತಿಂಗಳ 14ರಿಂದ 20ರವರೆಗಿನ ದಿನಗಳು ವ್ಯಾಪಾರ ಸಂಸ್ಥೆಗಳ ಲೆಕ್ಕಪತ್ರ ವಿಭಾಗಗಳಿಗೆ ಬಿಡುವಿಲ್ಲದ ದಿನಗಳು. 14ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ ಜಾಲತಾಣದಲ್ಲಿ ಜಿಎಸ್‌ಟಿಆರ್-2ಬಿ ಎಂಬ ತಃಖ್ತೆ ಸಿದ್ಧವಾಗುತ್ತದೆ. ಸರಕು ಮಾರಿದವರು ತಮ್ಮ ವಿವರಪಟ್ಟಿಯಲ್ಲಿ ಯಾವ ಯಾವ ಬಿಲ್ಲುಗಳನ್ನು ತೋರಿಸಿದ್ದಾರೆ ಎಂಬುದನ್ನು ಅದು ಖರೀದಿದಾರನಿಗೆ ತಿಳಿಸುತ್ತದೆ. ಖರೀದಿಯ ವೇಳೆ ಈಗಾಗಲೇ ತೆತ್ತ ತೆರಿಗೆಯನ್ನು ತನ್ನ ಬಾಕಿಯಿಂದ ಕಳೆದುಕೊಳ್ಳುವ ಸೌಲಭ್ಯವು, 2022ರ ಜನವರಿ 1ರಿಂದ ಈಚೆಗೆ, ಆ ತಃಖ್ತೆಯಲ್ಲಿ ಕಾಣಿಸಿಕೊಂಡ ಬಿಲ್ಲುಗಳಿಗೆ ಮಾತ್ರ ಸೀಮಿತವಾಗಿದೆ. ಆದ್ದರಿಂದ ಖರೀದಿದಾರನು ತನ್ನ ಖರೀದಿ ಪುಸ್ತಕವನ್ನು ತಃಖ್ತೆಯೊಡನೆ ಸಾಲುಸಾಲಾಗಿ ಹೋಲಿಸಿ ನೋಡಬೇಕು. ತಿಂಗಳಿಗೊಮ್ಮೆ ವಿವರಪಟ್ಟಿ ಸಲ್ಲಿಸುವವರಿಗೆ ಅದಕ್ಕಿರುವ ಗಡುವು 20ನೇ ತಾರೀಖು.

ಈ ಹೋಲಿಕೆಯ ಕೆಲಸ ಇಂದಿಗೂ ಅಸಂಖ್ಯ ಕಚೇರಿಗಳಲ್ಲಿ ನಡೆಯುವುದು ಎಕ್ಸೆಲ್ ಹಾಳೆಯ ಮೇಲೆಯೇ. ಒಂದು ಕಡತದಿಂದ ಅಂಕಿಗಳನ್ನು ನಕಲು ಮಾಡುವುದು, ಇನ್ನೊಂದರಲ್ಲಿ ಅಂಟಿಸುವುದು, ತಾಳೆಯಾಗದ ಸಾಲಿಗೆ ಹಳದಿ ಬಣ್ಣ ಬಳಿಯುವುದು, ಮೇಲಧಿಕಾರಿಗೆ ಇ-ಮೇಲ್ ಕಳುಹಿಸುವುದು. ಈಗ ಈ ದುಡಿಮೆಯನ್ನು ತಂತ್ರಾಂಶಕ್ಕೆ ಒಪ್ಪಿಸುವ ಕಾಲ ಬಂದಿದೆ. ಇ-ಮೇಲ್‌ನಲ್ಲಿ ಬಿಲ್ಲು ಬಂದೊಡನೆ ಅದನ್ನು ಓದಿ, ಹಾಳೆಯ ಸೂಕ್ತ ಸಾಲನ್ನು ತಿದ್ದಿ, ಅನುಮೋದನೆಗೆ ಮುಂದಕ್ಕೆ ರವಾನಿಸುವ ವ್ಯವಸ್ಥೆಗಳು ತಿಂಗಳ ಬಾಡಿಗೆಗೆ ದೊರೆಯುತ್ತಿವೆ.

ಕೆಲಸ ಬೇಗ ಮುಗಿಯುತ್ತದೆ, ಕೈತಪ್ಪು ಇಲ್ಲವಾಗುತ್ತದೆ ಎಂಬುದು ಮಾರುವವರ ಭರವಸೆ. ಮೊದಲನೆಯ ಮಾತು ನಿಜ. ಎರಡನೆಯದು ಅರ್ಧ ನಿಜ. ಕಳೆದ ಎರಡು ದಶಕಗಳ ಅನುಭವವನ್ನು ಅವಲೋಕಿಸಿದರೆ ಕಾಣುವುದು ಇಷ್ಟು: ಸ್ವಯಂಚಾಲನೆಯಿಂದ ತಪ್ಪುಗಳು ಅಳಿಯುವುದಿಲ್ಲ, ಜಾಗ ಬದಲಿಸುತ್ತವೆ. ಹಿಂದೆ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತಿದ್ದ ತಪ್ಪು, ಈಗ ಯಾರೂ ನೋಡದ ಕಡೆಗೆ ಸರಿಯುತ್ತದೆ. ಹಾಗಾಗಿ ಯಾವ ತಂತ್ರಾಂಶ ಕೊಳ್ಳಬೇಕು ಎಂಬುದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ, ಹಾಳೆಯಲ್ಲಿ ಬಂದು ಕೂತ ಅಂಕಿಗೆ ಉತ್ತರ ಹೇಳುವವರು ಯಾರು ಎಂಬುದು.

ಕೋಷ್ಟಕದಿಂದ ಕಾರ್ಯಸರಣಿಗೆ

ಗಣಕಯಂತ್ರದ ಲೆಕ್ಕದ ಹಾಳೆಗೆ ಈಗ ನಾಲ್ಕೂವರೆ ದಶಕ ಮೀರಿದ ಇತಿಹಾಸವಿದೆ. 1979ರಲ್ಲಿ ಅಮೆರಿಕದ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ ಆಪಲ್-2 ಯಂತ್ರಕ್ಕಾಗಿ ಮಾರುಕಟ್ಟೆಗೆ ಬಂದಿತು. ಒಂದು ಅಂಕಿಯನ್ನು ಬದಲಿಸಿದರೆ ಅದನ್ನು ಅವಲಂಬಿಸಿದ ಎಲ್ಲ ಅಂಕಿಗಳೂ ತಾವಾಗಿಯೇ ಬದಲಾಗುವ ಈ ಸೌಲಭ್ಯ ವ್ಯಾಪಾರಸ್ಥರನ್ನು ಗಣಕದತ್ತ ಸೆಳೆಯಿತು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್ ಬಂದವು. ಆಗಲೇ ಮ್ಯಾಕ್ರೊಗಳ ರೂಪದಲ್ಲಿ ಸ್ವಯಂಚಾಲನೆಯ ಬೀಜ ಬಿದ್ದಿತ್ತು. 1993ರ ಎಕ್ಸೆಲ್ ಆವೃತ್ತಿಯಲ್ಲಿ ಪೂರ್ಣಪ್ರಮಾಣದ ಕ್ರಮವಿಧಿ ಭಾಷೆಯೇ ಸೇರಿಕೊಂಡಿತು. ಅಂದಿನಿಂದ ಪ್ರತಿ ಕಚೇರಿಯಲ್ಲೂ ಮ್ಯಾಕ್ರೊ ಬಲ್ಲ ಒಬ್ಬ ಉದ್ಯೋಗಿ ಅಘೋಷಿತ ಗಣಕ ತಜ್ಞನಾದ.

ಈ ಮ್ಯಾಕ್ರೊಗಳ ಆಟ ಒಂದು ಕಡತದ ಅಥವಾ ಒಂದು ಗಣಕದ ಎಲ್ಲೆಯೊಳಗೇ ಹೆಚ್ಚಾಗಿ ನಡೆಯುತ್ತಿತ್ತು. ಹಾಳೆಗಳು ಅಂತರ್ಜಾಲಕ್ಕೆ ಏರಿದ ಮೇಲೆ ಆ ಎಲ್ಲೆ ಅಳಿಯಿತು. 2006ರಲ್ಲಿ ಗೂಗಲ್ ತನ್ನ ಹಾಳೆಯನ್ನು ಜಾಲದಲ್ಲಿಟ್ಟಿತು. 2016ರಲ್ಲಿ ಮೈಕ್ರೋಸಾಫ್ಟ್ 'ಫ್ಲೋ' ಎಂಬ ಸೇವೆಯನ್ನು ಆರಂಭಿಸಿ 2019ರಲ್ಲಿ ಅದಕ್ಕೆ ಪವರ್ ಆಟೊಮೇಟ್ ಎಂದು ಮರುನಾಮಕರಣ ಮಾಡಿತು. ಜಾಪಿಯರ್‌ನಂಥ ಸೇವೆಗಳೂ ಇದೇ ಹಾದಿಯವು. ಇವೆಲ್ಲದರ ತಿರುಳು ಒಂದೇ. ಮೊದಲು ಒಂದು ಪ್ರಚೋದಕ: ಹೊಸ ಇ-ಮೇಲ್ ಬಂದಿತು, ಅರ್ಜಿ ಭರ್ತಿಯಾಯಿತು, ನಿಗದಿತ ಗಂಟೆ ಹೊಡೆಯಿತು. ಬಳಿಕ ಒಂದು ಷರತ್ತು: ಮೊತ್ತ ಇಷ್ಟಕ್ಕಿಂತ ಹೆಚ್ಚಿದೆಯೇ, ಇಲ್ಲವೇ. ಕೊನೆಗೆ ಒಂದು ಕ್ರಿಯೆ: ಹಾಳೆಗೆ ಸಾಲು ಸೇರಿಸು, ಇರುವ ಸಾಲನ್ನು ತಿದ್ದು, ಅನುಮೋದನೆ ಕೇಳು.

ಇದಕ್ಕೆ ಕ್ರಮವಿಧಿ ಬರೆಯುವ ವಿದ್ಯೆ ಬೇಕಿಲ್ಲ. ಪೆಟ್ಟಿಗೆಗಳನ್ನು ಎಳೆದು ಜೋಡಿಸಿದರೆ ಸಾಕು. ಜನಪ್ರಿಯತೆಯ ಗುಟ್ಟು ಇದೇ. ಆದರೆ ತಂತ್ರಾಂಶ ವೃತ್ತಿಯಲ್ಲಿ ರೂಢಿಯಾಗಿರುವ ಪರೀಕ್ಷೆ, ದಾಖಲಾತಿ, ಸಹೋದ್ಯೋಗಿಯ ಪರಾಮರ್ಶೆ ಯಾವುದೂ ಇಲ್ಲದೆ ಸರಣಿ ಚಾಲನೆಗೆ ಬರುವುದೂ ಇದೇ ಕಾರಣಕ್ಕೆ.

ಕೈಕೆಲಸಕ್ಕೆ ತೆತ್ತ ಬೆಲೆ

ಸ್ವಯಂಚಾಲನೆಯ ಪರವಾದ ವಾದ ದುರ್ಬಲವೇನಲ್ಲ. ನಕಲು-ಅಂಟಿಕೆಯ ಪದ್ಧತಿ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಸಾರ್ವಜನಿಕ ದಾಖಲೆಯಲ್ಲಿರುವ ನಿದರ್ಶನಗಳೇ ಸಾಕ್ಷಿ. ಕೆನಡಾದ ಟ್ರಾನ್ಸ್‌ಆಲ್ಟಾ ಎಂಬ ವಿದ್ಯುತ್ ಕಂಪನಿ 2003ರಲ್ಲಿ ನ್ಯೂಯಾರ್ಕ್‌ನ ವಿದ್ಯುತ್ ಪ್ರಸರಣ ಗುತ್ತಿಗೆಗಳಿಗೆ ಬಿಡ್ ಸಲ್ಲಿಸುವಾಗ ಎಕ್ಸೆಲ್ ಹಾಳೆಯಲ್ಲಿ ಅಂಟಿಸಿದ ಸಾಲುಗಳು ಅದಲುಬದಲಾದವು. ಪರಿಣಾಮವಾಗಿ ಬೇಡದ ಗುತ್ತಿಗೆಗಳು ಹೆಚ್ಚಿನ ದರಕ್ಕೆ ಕೊರಳಿಗೆ ಬಿದ್ದು, ಸುಮಾರು 2.4 ಕೋಟಿ ಡಾಲರ್ ನಷ್ಟವಾಯಿತು.

2012ರ 'ಲಂಡನ್ ವೇಲ್' ಪ್ರಕರಣ ಇದಕ್ಕಿಂತ ದೊಡ್ಡದು. ಜೆಪಿ ಮಾರ್ಗನ್ ಚೇಸ್ ಬ್ಯಾಂಕು ತನ್ನ ಲಂಡನ್ ಕಚೇರಿಯ ಹೂಡಿಕೆಗಳಲ್ಲಿ ಆರು ಶತಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಹೂಡಿಕೆಯಲ್ಲಿರುವ ಅಪಾಯವನ್ನು ಅಳೆಯಲು ಬ್ಯಾಂಕು ಬಳಸುತ್ತಿದ್ದ ಹೊಸ ಮಾದರಿ ಹಲವು ಎಕ್ಸೆಲ್ ಹಾಳೆಗಳ ಮೇಲೆ ನಿಂತಿತ್ತು. ಒಂದರಿಂದ ಇನ್ನೊಂದಕ್ಕೆ ಅಂಕಿಗಳನ್ನು ಕೈಯಿಂದಲೇ ನಕಲು ಮಾಡಲಾಗುತ್ತಿತ್ತು. ಅಷ್ಟೇ ಅಲ್ಲ, ಒಂದು ಸೂತ್ರದಲ್ಲಿ ಎರಡು ದರಗಳ ಸರಾಸರಿಯಿಂದ ಭಾಗಿಸಬೇಕಾದೆಡೆ ಮೊತ್ತದಿಂದ ಭಾಗಿಸಲಾಗಿತ್ತು ಎಂದು 2013ರ ಜನವರಿಯಲ್ಲಿ ಪ್ರಕಟವಾದ ಬ್ಯಾಂಕಿನದೇ ಆಂತರಿಕ ವರದಿ ಹೇಳಿತು. ಅಪಾಯ ಇರುವುದಕ್ಕಿಂತ ಕಡಿಮೆ ಎಂದು ಹಾಳೆ ತೋರಿಸುತ್ತಿತ್ತು. ಆ ನಷ್ಟಕ್ಕೆ ಮೂಲ ಕಾರಣ ಹೂಡಿಕೆಯ ದುಸ್ಸಾಹಸವೇ ಹೊರತು ಸೂತ್ರವಲ್ಲ. ಆದರೆ ಎಚ್ಚರಿಕೆಯ ಗಂಟೆ ಬಾರಿಸಬೇಕಾಗಿದ್ದ ಹಾಳೆ ಮೌನವಾಗಿತ್ತು ಎಂಬುದು ಗಮನಾರ್ಹ.

ಇಂಥ ಪ್ರಕರಣಗಳನ್ನು ಕಂಡವರು ಮನುಷ್ಯನ ಕೈಯನ್ನು ನಡುವಿನಿಂದ ತೆಗೆದುಬಿಟ್ಟರೆ ತೊಂದರೆಯೇ ಇರದು ಎಂದು ಭಾವಿಸುವುದು ಸಹಜ. ಆ ಭಾವನೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು 2020ರ ಇಂಗ್ಲೆಂಡ್ ಪರೀಕ್ಷಿಸಿತು.

ಸದ್ದಿಲ್ಲದೆ ಬಿಟ್ಟುಹೋದ 15,841 ಮಂದಿ

ಕೊರೊನಾ ಸೋಂಕಿನ ಎರಡನೆಯ ಅಲೆ ಏರುತ್ತಿದ್ದ ದಿನಗಳವು. ಪ್ರಯೋಗಾಲಯಗಳು ಪರೀಕ್ಷಾ ಫಲಿತಾಂಶಗಳನ್ನು ಸಿಎಸ್‌ವಿ ಎಂಬ ಸರಳ ಪಠ್ಯ ಕಡತಗಳಲ್ಲಿ ಕಳುಹಿಸುತ್ತಿದ್ದವು. ಆ ಕಡತಗಳಿಗೆ ಸಾಲುಗಳ ಮಿತಿ ಇರಲಿಲ್ಲ. ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಎಂಬ ಅಂದಿನ ಸರ್ಕಾರಿ ಸಂಸ್ಥೆ ಅವುಗಳನ್ನು ತಾನಾಗಿಯೇ ಸೆಳೆದುಕೊಂಡು ಎಕ್ಸೆಲ್ ನಮೂನೆಗೆ ತುಂಬುವ ಸರಣಿಯೊಂದನ್ನು ಸಿದ್ಧಪಡಿಸಿತ್ತು. ಅಲ್ಲಿಂದ ಅಂಕಿಗಳು ಕೇಂದ್ರ ವ್ಯವಸ್ಥೆಗೂ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಪತ್ತೆಹಚ್ಚುವ ಸಿಬ್ಬಂದಿಗೂ ಹೋಗುತ್ತಿದ್ದವು. ನಡುವೆ ಬೆರಳಚ್ಚು ಮಾಡುವವರಿಲ್ಲ, ನಕಲು ಮಾಡುವವರಿಲ್ಲ.

ತೊಡಕಿದ್ದುದು ನಮೂನೆಯಲ್ಲಿ. ಅದು ಎಕ್ಸ್‌ಎಲ್‌ಎಸ್ ಎಂಬ ಹಳೆಯ ಸ್ವರೂಪದ್ದು. ಅದರಲ್ಲಿ ಒಂದು ಹಾಳೆಗೆ 65,536 ಸಾಲುಗಳಷ್ಟೇ ಹಿಡಿಯುತ್ತವೆ. 2007ರ ಎಕ್ಸೆಲ್‌ನಿಂದ ಬಳಕೆಗೆ ಬಂದ ಹೊಸ ಸ್ವರೂಪಕ್ಕಾದರೆ 10,48,576 ಸಾಲುಗಳ ಸಾಮರ್ಥ್ಯವಿದೆ. ಒಬ್ಬ ವ್ಯಕ್ತಿಯ ಫಲಿತಾಂಶಕ್ಕೆ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಒಂದು ನಮೂನೆಗೆ ಸುಮಾರು 1,400 ಪ್ರಕರಣಗಳು ಮಾತ್ರ ಹಿಡಿಯುತ್ತಿದ್ದವು. ಹಾಳೆ ತುಂಬಿದ ಮೇಲೆ ಬಂದ ಹೆಸರುಗಳು ಹೊರಗೇ ಉಳಿದವು. ಸರಣಿ ನಿಲ್ಲಲಿಲ್ಲ, ದೋಷ ಸಂದೇಶ ಬರಲಿಲ್ಲ. ಪ್ರತಿದಿನ ಕೆಲಸ ಯಶಸ್ವಿಯಾಗಿ ಮುಗಿದಂತೆಯೇ ತೋರುತ್ತಿತ್ತು.

2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ 15,841 ಸೋಂಕು ಪ್ರಕರಣಗಳು ಹೀಗೆ ಲೆಕ್ಕದಿಂದ ಬಿಟ್ಟುಹೋದವು. ಸೋಂಕಿತರಿಗೆ ಅವರವರ ಫಲಿತಾಂಶ ತಲುಪಿತ್ತು. ಆದರೆ ಅವರೊಡನೆ ಓಡಾಡಿದವರಿಗೆ ಎಚ್ಚರಿಕೆ ಹೋಗಲಿಲ್ಲ. ಅಕ್ಟೋಬರ್ 5ರಂದು ಆರೋಗ್ಯ ಸಚಿವ ಮ್ಯಾಟ್ ಹ್ಯಾನ್‌ಕಾಕ್ ಸಂಸತ್ತಿನಲ್ಲಿ ವಿವರಣೆ ನೀಡಬೇಕಾಯಿತು. ಈ ವಿಳಂಬದಿಂದಾಗಿ ಹೆಚ್ಚುವರಿಯಾಗಿ ಸಂಭವಿಸಿರಬಹುದಾದ ಸಾವುಗಳು ಸಾವಿರಕ್ಕೂ ಮೇಲ್ಪಟ್ಟವು ಎಂದು ಬಳಿಕ ಅರ್ಥಶಾಸ್ತ್ರಜ್ಞರಿಬ್ಬರು ಅಂದಾಜಿಸಿದರು. ಅಂದಾಜಿನ ನಿಖರತೆ ಏನೇ ಇರಲಿ, ಸಾಲುಗಳ ಮಿತಿಯಂಥ ಅಲ್ಪ ತಾಂತ್ರಿಕ ವಿವರವೊಂದು ಜೀವದ ಪ್ರಶ್ನೆಯಾಗಿ ಪರಿಣಮಿಸಿದ್ದು ಸುಳ್ಳಲ್ಲ.

ಇಲ್ಲಿ ಯಾವ ನೌಕರನೂ ಕೈತಪ್ಪು ಮಾಡಿರಲಿಲ್ಲ. ಹೇಳಿದಂತೆಯೇ ಯಂತ್ರ ನಡೆದುಕೊಂಡಿತ್ತು. ಬಂದ ಪ್ರಕರಣ ಎಷ್ಟು, ಮುಂದೆ ಹೋದ ಪ್ರಕರಣ ಎಷ್ಟು ಎಂದು ಪ್ರತಿದಿನ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದ ಲೋಪವದು. ಕೈಬರಹದ ರೋಜುಮೇಳದ ಕಾಲದಿಂದಲೂ ಲೆಕ್ಕಿಗರು ಬಲ್ಲ ಸಂಗತಿ ಇದು. ದಿನದ ಕೊನೆಯಲ್ಲಿ ಪೆಟ್ಟಿಗೆಯ ಹಣವೂ ಪುಸ್ತಕದ ಶಿಲ್ಕೂ ತಾಳೆಯಾಗದೆ ಅಂಗಡಿ ಬಾಗಿಲು ಹಾಕುತ್ತಿರಲಿಲ್ಲ.

ಸಣ್ಣ ಅಕ್ಷರಗಳ ಷರತ್ತುಗಳು

ಹಳೆಯ ಸ್ವರೂಪದ ಕಡತ ಬಳಸಿದ್ದೇ ತಪ್ಪು, ಇಂದಿನ ವ್ಯವಸ್ಥೆಗಳಲ್ಲಿ ಹಾಗಾಗದು ಎಂದು ಸಮಾಧಾನಪಡುವಂತಿಲ್ಲ. ಇಂದಿನ ಸಾಧನಗಳಿಗೂ ಇಂಥವೇ ಮಿತಿಗಳಿವೆ. ಅವು ಗುಟ್ಟೇನಲ್ಲ. ತಯಾರಕರ ಕೈಪಿಡಿಯಲ್ಲಿಯೇ ಮುದ್ರಿತವಾಗಿವೆ, ಓದುವವರು ವಿರಳ.

ಪವರ್ ಆಟೊಮೇಟ್‌ನ ಎಕ್ಸೆಲ್ ಸಂಪರ್ಕ ಸಾಧನವನ್ನೇ ತೆಗೆದುಕೊಳ್ಳಬಹುದು. ಕೋಷ್ಟಕದ ಸಾಲುಗಳನ್ನೆಲ್ಲ ಓದು ಎಂದು ಆಜ್ಞಾಪಿಸಿದರೆ ಅದು ಯಥಾಸ್ಥಿತಿಯಲ್ಲಿ ಓದುವುದು ಮೊದಲ 256 ಸಾಲುಗಳನ್ನು ಮಾತ್ರ. ಉಳಿದವು ಬೇಕಿದ್ದರೆ ಬೇರೊಂದು ಆಯ್ಕೆಯನ್ನು ಜಾಗೃತಗೊಳಿಸಬೇಕು. ಇಪ್ಪತ್ತು ಸಾಲುಗಳ ಮಾದರಿ ಹಾಳೆಯ ಮೇಲೆ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿ ಕಾಣುತ್ತದೆ. ವ್ಯಾಪಾರ ಬೆಳೆದು 257ನೇ ಸಾಲು ಸೇರಿದ ದಿನ ಅದು ಸದ್ದಿಲ್ಲದೆ ಹೊರಗುಳಿಯುತ್ತದೆ. ಇಂಗ್ಲೆಂಡಿನ ಕಥೆಯ ಸಣ್ಣ ಪ್ರತಿರೂಪವಿದು.

ಎರಡನೆಯ ಷರತ್ತು ಇನ್ನೂ ಸೂಕ್ಷ್ಮ. ಸಾಲೊಂದನ್ನು ತಿದ್ದಬೇಕಾದರೆ ಯಾವ ಸಾಲು ಎಂದು ಗುರುತಿಸಲು ಒಂದು ಕಂಬಸಾಲನ್ನು ಕೀಲಿಯಾಗಿ ತೋರಿಸಬೇಕು. ಅದೇ ಬೆಲೆ ಹಲವು ಸಾಲುಗಳಲ್ಲಿದ್ದರೆ ಮೊದಲು ಸಿಕ್ಕ ಸಾಲು ಮಾತ್ರ ತಿದ್ದುಪಡಿಯಾಗುತ್ತದೆ. ಪೀಣ್ಯದ ಒಂದು ಬಿಡಿಭಾಗ ತಯಾರಿಕಾ ಘಟಕವನ್ನು ಊಹಿಸಿಕೊಳ್ಳಿ. ಅಲ್ಲಿನ ಖರೀದಿ ಹಾಳೆಯಲ್ಲಿ ಬಿಲ್ಲಿನ ಸಂಖ್ಯೆಯೇ ಕೀಲಿ. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ಲಿನ ಸಂಖ್ಯೆ ಒಂದು ಹಣಕಾಸು ವರ್ಷದಲ್ಲಿ ಒಬ್ಬ ಮಾರಾಟಗಾರನ ಮಟ್ಟಿಗೆ ಪುನರಾವರ್ತನೆಯಾಗಬಾರದು ಅಷ್ಟೇ. ಇಬ್ಬರು ಮಾರಾಟಗಾರರು ತಲಾ ಒಂದು '101' ಸಂಖ್ಯೆಯ ಬಿಲ್ಲು ಕಳುಹಿಸುವುದಕ್ಕೆ ಅಡ್ಡಿಯೇನಿಲ್ಲ. ಎರಡನೆಯವನಿಗೆ ಹಣ ಪಾವತಿಯಾದಾಗ ತಂತ್ರಾಂಶವು ಮೊದಲನೆಯವನ ಸಾಲಿನ ಮುಂದೆ 'ಪಾವತಿಯಾಗಿದೆ' ಎಂದು ಬರೆದುಬಿಡುತ್ತದೆ. ಒಬ್ಬನಿಗೆ ಹಣ ಬಾರದು, ಇನ್ನೊಬ್ಬನಿಗೆ ಎರಡನೆಯ ಬಾರಿ ಹೋಗಬಹುದು. ಮಾರಾಟಗಾರನ ಜಿಎಸ್‌ಟಿ ಸಂಖ್ಯೆಯನ್ನೂ ಬಿಲ್ಲಿನ ಸಂಖ್ಯೆಯನ್ನೂ ಕೂಡಿಸಿ ಕೀಲಿ ಮಾಡಿದ್ದರೆ ಈ ಪ್ರಮಾದಕ್ಕೆ ಎಡೆಯೇ ಇರುತ್ತಿರಲಿಲ್ಲ.

ಮೂರನೆಯದು, ಒಂದೇ ಕಡತದ ಮೇಲೆ ಇಬ್ಬರ ಕೈ. ಸರಣಿಯೊಂದು ಹಾಳೆಗೆ ಬರೆಯುತ್ತಿರುವಾಗಲೇ ಉದ್ಯೋಗಿಯೊಬ್ಬ ಅದನ್ನು ತೆರೆದು ತಿದ್ದುವುದು ಕಚೇರಿಗಳಲ್ಲಿ ಮಾಮೂಲು. ಈ ರೀತಿಯ ಏಕಕಾಲದ ತಿದ್ದುಪಡಿಗೆ ಬೆಂಬಲವಿಲ್ಲ, ಅಂಕಿಗಳು ಅಸಂಗತವಾಗಬಹುದು ಎಂದು ಕೈಪಿಡಿ ಸ್ಪಷ್ಟವಾಗಿ ಎಚ್ಚರಿಸುತ್ತದೆ. ಸಾಧನವು ಬಳಸಿದ ಕಡತ ಕೆಲ ನಿಮಿಷಗಳವರೆಗೆ ಬೀಗ ಹಾಕಿದಂತಿರಬಹುದು ಎಂಬ ಸೂಚನೆಯೂ ಅಲ್ಲಿದೆ.

ಇನ್ನು ಎಕ್ಸೆಲ್‌ನ ಹಳೆಯ ಹವ್ಯಾಸಗಳು. ದಿನಾಂಕವನ್ನು ಅದು ಒಳಗೊಳಗೆ ಒಂದು ಕ್ರಮಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2021ರ ಜನವರಿ 1 ಅದರ ಪಾಲಿಗೆ 44197. '03/04' ಎಂಬುದು ಭಾರತೀಯನಿಗೆ ಏಪ್ರಿಲ್ 3, ಅಮೆರಿಕದ ಹೊಂದಾಣಿಕೆಯಿರುವ ಗಣಕಕ್ಕೆ ಮಾರ್ಚ್ 4. ಸಂಖ್ಯೆಗಳಲ್ಲಿ 15 ಅಂಕಿಗಳವರೆಗೆ ಮಾತ್ರ ನಿಖರತೆ. 16 ಅಂಕಿಗಳ ಬ್ಯಾಂಕ್ ಖಾತೆ ಸಂಖ್ಯೆಯನ್ನು ಪಠ್ಯವೆಂದು ಗುರುತಿಸದೆ ತುಂಬಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಈ ಸ್ವಭಾವಕ್ಕೆ ವಿಜ್ಞಾನಿಗಳೇ ಮಣಿದದ್ದುಂಟು. ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು, ಎಕ್ಸೆಲ್ ದಿನಾಂಕವೆಂದು ತಪ್ಪಾಗಿ ತಿಳಿಯುತ್ತಿದ್ದ ಹಲವು ವಂಶವಾಹಿಗಳ ಸಂಕೇತನಾಮಗಳನ್ನೇ ಬದಲಿಸಿತು. 'ಮಾರ್ಚ್1' ಎಂಬುದು 'ಮಾರ್ಚ್‌ಎಫ್1' ಆಯಿತು. ಈ ಸ್ವಯಂ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ನೀಡಿದ್ದು 2023ರಲ್ಲಿ.

ಆರು ಕಣ್ಣುಗಳೂ ಕಾಣದ್ದು

ಹಾಗಾದರೆ ನಡುವೆ ಅನುಮೋದನೆಯ ಹಂತವೊಂದನ್ನು ಇಟ್ಟರಾಯಿತು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಬಹುತೇಕ ಕಾರ್ಯಸರಣಿ ತಂತ್ರಾಂಶಗಳು ಇದನ್ನು ಒದಗಿಸುತ್ತವೆ. ಆದರೆ ಅನುಮೋದನೆ ಎಂದರೆ ಪರಿಶೀಲನೆ ಎಂದೇ ಅರ್ಥವಲ್ಲ. ಈ ಮಾತಿಗೆ ಸಾಕ್ಷಿಯಾಗಿ ನಿಲ್ಲುವ ಘಟನೆಗೆ ಭಾರತದ ನಂಟಿದೆ.

2020ರ ಆಗಸ್ಟ್ 11ರಂದು ಸಿಟಿಬ್ಯಾಂಕ್, ಸೌಂದರ್ಯ ಪ್ರಸಾಧನ ಕಂಪನಿ ರೆವ್ಲಾನ್‌ಗೆ ಸಾಲ ಕೊಟ್ಟವರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿಯನ್ನು ರವಾನಿಸಬೇಕಿತ್ತು. ರವಾನೆಯಾದದ್ದು ಸುಮಾರು 90 ಕೋಟಿ ಡಾಲರ್, ಅದೂ ಬ್ಯಾಂಕಿನ ಸ್ವಂತ ಹಣ. ಬ್ಯಾಂಕಿನಲ್ಲಿ 'ಆರು ಕಣ್ಣುಗಳ' ನಿಯಮ ಜಾರಿಯಲ್ಲಿತ್ತು. ವಹಿವಾಟನ್ನು ಒಬ್ಬರು ನಮೂದಿಸಬೇಕು, ಇನ್ನೊಬ್ಬರು ತಾಳೆ ನೋಡಬೇಕು, ಮೂರನೆಯವರು ಒಪ್ಪಿಗೆ ಕೊಡಬೇಕು. ಮೊದಲ ಇಬ್ಬರು, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ವಿಪ್ರೋ ಕಂಪನಿಯ ಮೂಲಕ ಭಾರತದಲ್ಲಿ ಕೆಲಸ ಮಾಡುತ್ತಿದ್ದವರು. ಮೂರನೆಯವರು ಅಮೆರಿಕದಲ್ಲಿದ್ದ ಬ್ಯಾಂಕಿನ ಅಧಿಕಾರಿ. ಬಳಸಿದ ತಂತ್ರಾಂಶ ಫ್ಲೆಕ್ಸ್‌ಕ್ಯೂಬ್, ಭಾರತದ ಐ-ಫ್ಲೆಕ್ಸ್ ಕಂಪನಿ ರೂಪಿಸಿ ನಂತರ ಒರಾಕಲ್ ಪಾಲಾದದ್ದು.

ಅಸಲಿನ ಮೊತ್ತ ಬ್ಯಾಂಕಿನೊಳಗೇ ಉಳಿಯಬೇಕಾದರೆ ಪರದೆಯ ಮೇಲೆ ಮೂರು ಆಯ್ಕೆಗಳನ್ನು ಗುರುತು ಮಾಡಬೇಕಿತ್ತು. ಒಂದನ್ನು ಮಾತ್ರ ಗುರುತಿಸಲಾಯಿತು. ಮೂವರೂ ಅದು ಸರಿಯೆಂದೇ ನಂಬಿದರು. ಹಣ ಹೊರಗೆ ಹೋಗುತ್ತದೆ, ಮುಂದುವರಿಯಬೇಕೇ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿತ್ತು. ಬಡ್ಡಿಯ ಹಣ ಹೇಗೂ ಹೊರಗೆ ಹೋಗಬೇಕಾದ್ದೇ. ಎಷ್ಟು ಹಣ ಹೋಗುತ್ತದೆ ಎಂಬುದನ್ನು ಆ ಎಚ್ಚರಿಕೆ ಹೇಳಲಿಲ್ಲ. ಮರುದಿನ ತಪ್ಪು ಬೆಳಕಿಗೆ ಬಂದಾಗ ಕೆಲವರು ಹಣ ಮರಳಿಸಿದರು, ಸುಮಾರು 50 ಕೋಟಿ ಡಾಲರ್ ಮರಳಲಿಲ್ಲ. 2021ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯ ಸಾಲದಾತರ ಪರ ತೀರ್ಪಿತ್ತಿತು. 2022ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿದ ಮೇಲೆ ಬ್ಯಾಂಕು ನಿಟ್ಟುಸಿರುಬಿಟ್ಟಿತು.

ಇದು ಎಕ್ಸೆಲ್ ಹಾಳೆಯ ಪ್ರಕರಣವಲ್ಲ, ನಿಜ. ಆದರೆ ಹಾಳೆಯ ತಿದ್ದುಪಡಿಗೆ ಅನುಮೋದನೆಯ ಹಂತ ಜೋಡಿಸುವವರಿಗೆ ಇದರಲ್ಲಿ ಪಾಠವಿದೆ. ಮೂವರು ಒಂದೇ ಪರದೆಯನ್ನು ನೋಡಿ ಒಪ್ಪಿಗೆ ಕೊಟ್ಟರೆ ಅದು ಮೂರು ಪರಿಶೀಲನೆಯಾಗುವುದಿಲ್ಲ. ಮೊದಲಿದ್ದ ಅಂಕಿ ಯಾವುದು, ಹೊಸ ಅಂಕಿ ಯಾವುದು, ಎಷ್ಟು ಮೊತ್ತ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತೋರಿಸದ ಅನುಮೋದನೆ ಕೇವಲ ಒಂದು ಗುಂಡಿ. ದಿನಕ್ಕೆ ನೂರು ಬಾರಿ ಒತ್ತಬೇಕಾದ ಗುಂಡಿಯನ್ನು ಬೆರಳು ತಾನಾಗಿಯೇ ಒತ್ತುತ್ತದೆ.

ಕಾನೂನು ಕೇಳುತ್ತಿರುವುದೇನು?

ಭಾರತದ ನಿಯಂತ್ರಕರು ಈ ವಿಷಯದಲ್ಲಿ ಕಣ್ಣುಮುಚ್ಚಿ ಕೂತಿಲ್ಲ. 2020ರ ಸೆಪ್ಟೆಂಬರ್ 14ರಂದು ಭಾರತೀಯ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇಲ್ಲಿ ಉಲ್ಲೇಖಾರ್ಹ. ವಸೂಲಾಗದ ಸಾಲಗಳನ್ನು ಗುರುತಿಸುವ ಕೆಲಸದಲ್ಲಿ ಬ್ಯಾಂಕುಗಳು ಇನ್ನೂ ಕೈಕೆಲಸವನ್ನೇ ನೆಚ್ಚಿಕೊಂಡಿವೆ, ಯಂತ್ರ ಮಾಡಿದ ವರ್ಗೀಕರಣವನ್ನು ಸಿಬ್ಬಂದಿ ವಾಡಿಕೆಯಂತೆ ಬದಲಿಸುತ್ತಿದ್ದಾರೆ ಎಂಬ ಆಕ್ಷೇಪ ಅದರಲ್ಲಿತ್ತು. ಈ ಪ್ರಕ್ರಿಯೆ 2021ರ ಜೂನ್ 30ರೊಳಗೆ ಸ್ವಯಂಚಾಲಿತವಾಗಬೇಕು, ಅನಿವಾರ್ಯ ಸಂದರ್ಭದಲ್ಲಿ ಮನುಷ್ಯ ಕೈಹಾಕಬೇಕಾದರೆ ಕನಿಷ್ಠ ಎರಡು ಹಂತದ ಅನುಮತಿ ಇರಬೇಕು ಮತ್ತು ಅದರ ದಾಖಲೆ ಉಳಿಯಬೇಕು ಎಂದು ಆದೇಶಿಸಲಾಯಿತು. ಸ್ವಯಂಚಾಲನೆಯನ್ನು ರಿಸರ್ವ್ ಬ್ಯಾಂಕ್ ಕೇಳಿದ್ದು ವೇಗಕ್ಕಾಗಿ ಅಲ್ಲ, ಯಾರು ಏನನ್ನು ಬದಲಿಸಿದರು ಎಂಬುದು ಮುಚ್ಚಿಹೋಗದಿರಲಿ ಎಂಬ ಕಾರಣಕ್ಕೆ.

ಕಂಪನಿ ಲೆಕ್ಕಪತ್ರ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯೂ ಇದೇ ದಿಕ್ಕಿನದು. ಎರಡು ಬಾರಿ ಮುಂದೂಡಲ್ಪಟ್ಟು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಈ ನಿಯಮದಂತೆ, ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿ ವಹಿವಾಟಿನ ಜಾಡನ್ನೂ ಪ್ರತಿ ತಿದ್ದುಪಡಿಯ ದಿನಾಂಕವನ್ನೂ ದಾಖಲಿಸಬೇಕು. ಆ ಸೌಲಭ್ಯವನ್ನು ಆರಿಸಿಡಲು ಸಾಧ್ಯವಿರಬಾರದು. ಲೆಕ್ಕ ಪರಿಶೋಧಕರು ಇದರ ಬಗ್ಗೆ ತಮ್ಮ ವರದಿಯಲ್ಲಿ ಹೇಳಲೇಬೇಕು. ದೊಡ್ಡ ಕಂಪನಿಗಳಿಗೆ ಮಾತ್ರವಲ್ಲ, ಸಣ್ಣ ಖಾಸಗಿ ಕಂಪನಿಗಳಿಗೂ ಇದು ಅನ್ವಯ.

ಸಾಮಾನ್ಯ ಎಕ್ಸೆಲ್ ಕಡತಕ್ಕೆ ಈ ಅಗ್ನಿಪರೀಕ್ಷೆಯಲ್ಲಿ ಗೆಲ್ಲುವುದು ಕಷ್ಟ. ಅದರಲ್ಲಿ ಯಾರು ಬೇಕಾದರೂ ಹಳೆಯ ಅಂಕಿಯನ್ನು ಅಳಿಸಿ ಹೊಸದನ್ನು ಬರೆಯಬಹುದು. ಸ್ವಯಂಚಾಲಿತ ಸರಣಿ ಬಂದಾಗ ಇನ್ನೊಂದು ಗೊಂದಲ ಸೇರಿಕೊಳ್ಳುತ್ತದೆ. ಸರಣಿಗಳು ಅದನ್ನು ರಚಿಸಿದ ಉದ್ಯೋಗಿಯ ಲಾಗಿನ್ ಬಳಸಿ ಓಡುವುದೇ ಹೆಚ್ಚು. ಹಾಗಾಗಿ ರಾತ್ರಿ ಎರಡು ಗಂಟೆಗೆ ಯಂತ್ರ ಮಾಡಿದ ತಿದ್ದುಪಡಿ ಆತನ ಹೆಸರಿನಲ್ಲಿಯೇ ದಾಖಲಾಗುತ್ತದೆ. ಆತ ರಾಜೀನಾಮೆ ಕೊಟ್ಟು ಹೋದರೆ ಖಾತೆ ರದ್ದಾಗಿ ಸರಣಿಯೂ ನಿಂತುಹೋಗಬಹುದು. ಅದು ನಿಂತದ್ದು ತಿಳಿಯುವುದು ತೆರಿಗೆ ಇಲಾಖೆಯ ನೋಟಿಸ್ ಬಂದಾಗ.

ಹೊರಟುಹೋಗುವ ಕಣ್ಣು

ಈ ಚರ್ಚೆಯಲ್ಲಿ ಹೆಚ್ಚು ಕೇಳಿಬರದ ಮಾತೊಂದಿದೆ. ಹಾಳೆ ತುಂಬುವ ಕೆಲಸ ಬೇಸರದ್ದು, ಅದು ಯಂತ್ರಕ್ಕೆ ಹೋದರೆ ನಷ್ಟವೇನಿಲ್ಲ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಬೇಸರದ್ದು ಎಂಬುದು ದಿಟ. ಬಿ.ಕಾಂ. ಮುಗಿಸಿ ಬರುವ ಸಾವಿರಾರು ಯುವಕ ಯುವತಿಯರಿಗೆ ನಗರದ ಮೊದಲ ಸಂಬಳ ಕೊಟ್ಟದ್ದೂ ಇದೇ ಕೆಲಸ ಎಂಬುದೂ ಅಷ್ಟೇ ದಿಟ. ಅದನ್ನು ಮಾಡುತ್ತಿದ್ದವರು ಬರೀ ಅಂಕಿಗಳನ್ನು ಸಾಗಿಸುತ್ತಿರಲಿಲ್ಲ. ತಿಂಗಳಿಗೆ 40 ಸಾವಿರ ರೂಪಾಯಿಯ ಬಿಲ್ಲು ಕಳುಹಿಸುವ ವರ್ತಕನಿಂದ ಒಮ್ಮೆಲೇ 4 ಲಕ್ಷದ ಬಿಲ್ಲು ಬಂದರೆ ಅವರ ಕೈ ತಡೆಯುತ್ತಿತ್ತು. ಪರಿಚಯವಿಲ್ಲದ ಬ್ಯಾಂಕ್ ಖಾತೆ ಕಂಡರೆ ದೂರವಾಣಿ ಕರೆ ಹೋಗುತ್ತಿತ್ತು. ಈ ಅನುಮಾನಿಸುವ ಗುಣ ಯಾವ ಉದ್ಯೋಗ ವಿವರಣೆಯಲ್ಲೂ ಬರೆದಿರಲಿಲ್ಲ. ಹಾಗಾಗಿ ಕೆಲಸವನ್ನು ಯಂತ್ರಕ್ಕೆ ವರ್ಗಾಯಿಸುವಾಗ ಅದು ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಇದರರ್ಥ ಮನುಷ್ಯರು ಲೆಕ್ಕದಲ್ಲಿ ತಪ್ಪುವುದಿಲ್ಲ ಎಂದಲ್ಲ. ಹಾಳೆಗಳ ದೋಷಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಹವಾಯಿ ವಿಶ್ವವಿದ್ಯಾಲಯದ ರೇಮಂಡ್ ಪ್ಯಾಂಕೊ, ಸ್ವಲ್ಪ ದೊಡ್ಡದಾದ ಬಹುತೇಕ ಎಲ್ಲ ಹಾಳೆಗಳಲ್ಲೂ ದೋಷವಿರುತ್ತದೆ, ಆದರೆ ಅದನ್ನು ರಚಿಸಿದವರಿಗೆ ತಮ್ಮ ಕೆಲಸದ ಬಗ್ಗೆ ಅತಿಯಾದ ವಿಶ್ವಾಸವಿರುತ್ತದೆ ಎಂದು ತೋರಿಸಿಕೊಟ್ಟಿದ್ದಾರೆ. ಅದೇ ಅತಿವಿಶ್ವಾಸ ಈಗ ಸರಣಿ ರಚಿಸುವವರಿಗೂ ಅಂಟಿಕೊಂಡಿದೆ. ವ್ಯತ್ಯಾಸವೆಂದರೆ, ಕೈಕೆಲಸದವನು ಗಂಟೆಗೆ ಕೆಲವೇ ಸಾಲುಗಳಲ್ಲಿ ತಪ್ಪಬಲ್ಲ. ಸರಣಿ ಒಂದೇ ತಪ್ಪನ್ನು ಸಾವಿರಾರು ಸಾಲುಗಳಿಗೆ ಹಂಚಬಲ್ಲದು.

ಇದೀಗ ಕೃತಕ ಬುದ್ಧಿಮತ್ತೆಯೂ ಹಾಳೆಯೊಳಗೆ ಕಾಲಿಟ್ಟಿದೆ. ಸೂತ್ರದ ಬದಲು ಮಾತಿನಲ್ಲಿ ಆಜ್ಞೆ ಕೊಟ್ಟರೆ ಕೋಶ ತುಂಬಿಕೊಡುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 2025ರಲ್ಲಿ ಪ್ರಾಯೋಗಿಕವಾಗಿ ಪರಿಚಯಿಸಿದಾಗ, ನಿಖರತೆ ಅಗತ್ಯವಿರುವ ಲೆಕ್ಕಾಚಾರಗಳಿಗೆ ಇದನ್ನು ಬಳಸಬಾರದು ಎಂದು ಕಂಪನಿಯೇ ಸಲಹೆ ನೀಡಿತು. ಲೆಕ್ಕದ ಹಾಳೆಯಲ್ಲಿ ನಿಖರತೆ ಬೇಡದ ಜಾಗ ಯಾವುದು ಎಂಬುದನ್ನು ಬಳಕೆದಾರರೇ ತೀರ್ಮಾನಿಸಬೇಕಾಗಿದೆ.

ಮಾಡಬಹುದಾದದ್ದು

ಪರಿಹಾರಗಳು ದುಬಾರಿಯವಲ್ಲ. ಮೊದಲನೆಯದು ಎಣಿಕೆಯ ತಾಳೆ. ಪ್ರತಿ ಬಾರಿ ಸರಣಿ ಓಡಿದಾಗ ಒಳಗೆ ಬಂದ ಸಾಲುಗಳ ಸಂಖ್ಯೆ ಹಾಗೂ ಒಟ್ಟು ಮೊತ್ತ, ಹೊರಗೆ ಹೋದ ಸಂಖ್ಯೆ ಹಾಗೂ ಮೊತ್ತ ಎರಡನ್ನೂ ಹೋಲಿಸಬೇಕು. ವ್ಯತ್ಯಾಸ ಕಂಡರೆ ಸರಣಿ ನಿಲ್ಲಬೇಕು, ನಿಂತದ್ದು ಯಾರಿಗಾದರೂ ಗೊತ್ತಾಗಬೇಕು. ಎರಡನೆಯದು, ಸಾಲನ್ನು ಗುರುತಿಸುವ ಕೀಲಿ ನಿಜಕ್ಕೂ ಏಕಮಾತ್ರವೇ ಎಂದು ಮೊದಲೇ ಖಚಿತಪಡಿಸಿಕೊಳ್ಳುವುದು. ಮೂರನೆಯದು, ಹಳೆಯ ಅಂಕಿಯನ್ನು ಅಳಿಸಿ ಬರೆಯುವ ಬದಲು ಹೊಸ ಸಾಲು ಸೇರಿಸುವುದು. ಕಿರ್ದಿ ಪುಸ್ತಕದಲ್ಲಿ ತಪ್ಪಾದರೆ ಹೊಡೆದುಹಾಕದೆ ಎದುರು ನಮೂದು ಬರೆಯುವ ಹಿರಿಯರ ಕ್ರಮವೇ ಇದು. ನಾಲ್ಕನೆಯದು, ಮಾಮೂಲಿನಂತಿರುವ ಸಾಲುಗಳು ಯಂತ್ರದ ಪಾಲಿಗಿರಲಿ, ಮಾಮೂಲಿಗಿಂತ ಭಿನ್ನವಾದವು ಮನುಷ್ಯನ ಮೇಜಿಗೆ ಬರಲಿ. ದಿನಕ್ಕೆ ನೂರು ಅನುಮೋದನೆಗಳ ಬದಲು ಐದನ್ನು ಕೇಳಿದರೆ ಆ ಐದನ್ನಾದರೂ ಓದಿ ಸಹಿ ಹಾಕಿಯಾರು.

ಕೊನೆಯದಾಗಿ, ಪ್ರತಿ ಸರಣಿಗೂ ಒಬ್ಬ ಹೊಣೆಗಾರನ ಹೆಸರು ಬರೆದಿಡಬೇಕು. ಆತ ಹೋದರೆ ಮುಂದಿನವರು ಯಾರು ಎಂಬುದೂ ಅದರಲ್ಲಿರಬೇಕು. ಸಾಲುಗಳು ಸಾವಿರಗಳನ್ನು ದಾಟಿ, ಹತ್ತಾರು ಮಂದಿ ಒಂದೇ ಹಾಳೆಯನ್ನು ತಿದ್ದುವ ಹಂತ ಬಂದಾಗ ಹಾಳೆಯನ್ನು ಬಿಟ್ಟು ದತ್ತಸಂಚಯಕ್ಕೆ ಹೋಗುವುದೇ ವಿವೇಕ. ಎಕ್ಸೆಲ್ ಒಳ್ಳೆಯ ಲೆಕ್ಕಗಾರ, ಆದರೆ ಒಳ್ಳೆಯ ಕಡತಪಾಲಕನಲ್ಲ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ಕನ್ನಡದ ಹಳೆಯ ಗಾದೆ. ಸರಣಿ ಕೆಲಸ ಮುಗಿಸಿ ಹಸಿರು ಗುರುತು ತೋರಿಸಿದಾಗ ಈ ಗಾದೆಯನ್ನು ನೆನೆಯುವವರು ಕಚೇರಿಗೊಬ್ಬರಾದರೂ ಬೇಕು. ಅಂಥವರ ಹುದ್ದೆಯನ್ನು ಸ್ವಯಂಚಾಲನೆಯ ಉಳಿತಾಯದ ಲೆಕ್ಕಕ್ಕೆ ಬರೆದುಕೊಳ್ಳುವ ಮೊದಲು ಆಡಳಿತ ಮಂಡಳಿಗಳು ಇಂಗ್ಲೆಂಡಿನ ಆ ಎಂಟು ದಿನಗಳ ಲೆಕ್ಕವನ್ನು ಒಮ್ಮೆ ಓದುವುದು ಒಳಿತು.